ಕರುಳು ಹೊರಗಿದ್ದು ಹುಟ್ಟುವ ಮಗು: ಮೊದಲ ಗಂಟೆಗಳಲ್ಲಿ ಏನು ಮಾಡಬೇಕು?

ಆಗತಾನೇ ಹುಟ್ಟಿದ ಮಗುವಿನ ಕರುಳು ಹೊಟ್ಟೆಯ ಹೊರಗೆ ಕಾಣಿಸಿದರೆ ಎಂಥ ಗಟ್ಟಿಗರೂ ಬೆಚ್ಚಿಬೀಳುತ್ತಾರೆ. 'ಇನ್ನು ಈ ಮಗು ಉಳಿಯದು' ಎಂದು ಹೆರಿಗೆ ಕೋಣೆಯ ಹೊರಗೆ ನಿಂತವರು ತೀರ್ಮಾನಿಸಿಬಿಡುವುದೂ ಉಂಟು. ಆದರೆ ನೋಡಲು ಇಷ್ಟು ಭಯಂಕರವಾದ ಈ ತೊಂದರೆಗೆ ಶಸ್ತ್ರಚಿಕಿತ್ಸೆ ಇದೆ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದ ಅನೇಕ ಮಕ್ಕಳು ಎಲ್ಲರಂತೆ ಉಂಡು, ಆಡಿ, ಶಾಲೆಗೆ ಹೋಗುತ್ತಾರೆ. ಮಗು ಸರ್ಜನ್ ಕೈ ಸೇರುವ ಮುಂಚಿನ ಕೆಲವು ಗಂಟೆಗಳ ಆರೈಕೆಯೇ ಎಷ್ಟೋ ಸಲ ಜೀವವನ್ನು ನಿರ್ಧರಿಸುತ್ತದೆ. ಆದ್ದರಿಂದ ಪ್ರತಿ ಕುಟುಂಬವೂ ಈ ವಿಷಯ ತಿಳಿದಿರುವುದು ಒಳ್ಳೆಯದು.

ಎರಡು ಬಗೆ

ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿನ ಕರುಳು ಹೊಟ್ಟೆಗಿಂತ ಬೇಗ ಬೆಳೆಯುತ್ತದೆ. ಒಳಗೆ ಜಾಗ ಸಾಲದೆ ಅದು ಹೊಕ್ಕುಳಬಳ್ಳಿಯ ಬುಡದೊಳಕ್ಕೆ ಸರಿಯುತ್ತದೆ. ಇದು ಎಲ್ಲ ಶಿಶುಗಳಲ್ಲೂ ಆಗುವ ಸಹಜ ಕ್ರಿಯೆ. ಸುಮಾರು 12ನೇ ವಾರದ ಹೊತ್ತಿಗೆ ಕರುಳು ಹೊಟ್ಟೆಯೊಳಗೆ ಮರಳುತ್ತದೆ. ಹಾಗೆ ಮರಳದೆ ಹೊಕ್ಕುಳಬಳ್ಳಿಯ ಬುಡದಲ್ಲೇ ಉಳಿದರೆ ಅದು 'ಓಂಫಲೋಸೀಲ್'. ಇಲ್ಲಿ ಹೊರಬಂದ ಅಂಗಗಳ ಮೇಲೆ ತೆಳುವಾದ ಪೊರೆಯ ಚೀಲವಿರುತ್ತದೆ. ದೊಡ್ಡದಾಗಿದ್ದರೆ ಅದರೊಳಗೆ ಲಿವರ್ ಕೂಡ ಇರಬಹುದು.

ಇನ್ನೊಂದು ಬಗೆ 'ಗ್ಯಾಸ್ಟ್ರೋಸ್ಕೈಸಿಸ್'. ಇದರಲ್ಲಿ ಹೊಕ್ಕುಳಬಳ್ಳಿ ತನ್ನ ಜಾಗದಲ್ಲಿ ಸರಿಯಾಗಿಯೇ ಇರುತ್ತದೆ. ಅದರ ಪಕ್ಕದಲ್ಲಿ, ಸಾಮಾನ್ಯವಾಗಿ ಬಲಬದಿಯಲ್ಲಿ, ಒಂದು ಸಣ್ಣ ತೂತಿನ ಮೂಲಕ ಕರುಳು ಹೊರಬಂದಿರುತ್ತದೆ. ಮೇಲೆ ಯಾವ ಪೊರೆಯೂ ಇರುವುದಿಲ್ಲ. ತಿಂಗಳುಗಟ್ಟಲೆ ಗರ್ಭದ ನೀರಿನಲ್ಲಿ ನೆನೆದು ಕರುಳು ದಪ್ಪಗಾಗಿ ಊದಿಕೊಂಡಿರುತ್ತದೆ.

ಈ ವ್ಯತ್ಯಾಸ ಮುಖ್ಯ. ಗ್ಯಾಸ್ಟ್ರೋಸ್ಕೈಸಿಸ್ ಇರುವ ಹೆಚ್ಚಿನ ಮಕ್ಕಳಲ್ಲಿ ಬೇರೆ ಅಂಗಗಳು ಸರಿಯಾಗಿರುತ್ತವೆ. ಕೆಲವರಲ್ಲಿ ಮಾತ್ರ ಕರುಳಿನ ಒಂದು ಭಾಗ ಮುಚ್ಚಿಹೋಗಿರುತ್ತದೆ. ಓಂಫಲೋಸೀಲ್ ಜೊತೆಗೆ ಹೃದಯದ ತೊಂದರೆ ಅಥವಾ ವರ್ಣತಂತುಗಳ ದೋಷ ಇರುವ ಸಾಧ್ಯತೆ ಹೆಚ್ಚು. ಅದಕ್ಕೇ ವೈದ್ಯರು ಹೃದಯದ ಸ್ಕ್ಯಾನ್, ರಕ್ತದ ಸಕ್ಕರೆ, ವರ್ಣತಂತು ಪರೀಕ್ಷೆಗಳನ್ನು ಹೇಳುತ್ತಾರೆ.

ತಾಯಿಯನ್ನು ದೂರಬೇಡಿ

ಗ್ರಹಣದ ದಿನ ಹೊರಗೆ ಬಂದಳು, ಕತ್ತಿ ಹಿಡಿದಳು, ಭಾರ ಎತ್ತಿದಳು ಎಂದು ಬಾಣಂತಿಯನ್ನು ಹಂಗಿಸುವವರಿದ್ದಾರೆ. ಇವುಗಳಿಗೂ ಈ ತೊಂದರೆಗೂ ಯಾವ ಸಂಬಂಧವೂ ಇಲ್ಲ. 20 ವರ್ಷಕ್ಕಿಂತ ಚಿಕ್ಕ ವಯಸ್ಸಿನ ತಾಯಂದಿರಲ್ಲಿ, ಧೂಮಪಾನ ಮಾಡುವವರಲ್ಲಿ ಗ್ಯಾಸ್ಟ್ರೋಸ್ಕೈಸಿಸ್ ಹೆಚ್ಚಾಗಿ ಕಂಡುಬಂದಿದೆ. ಆದರೆ ಒಂದು ನಿರ್ದಿಷ್ಟ ಮಗುವಿಗೆ ಏಕೆ ಹೀಗಾಯಿತು ಎಂದು ಹೇಳಲು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಹೆತ್ತ ನೋವಿನ ಮೇಲೆ ಅಪವಾದದ ನೋವನ್ನೂ ಹೇರುವುದು ಅನ್ಯಾಯ.

ಸ್ಕ್ಯಾನಿಂಗ್‌ನಲ್ಲಿ ತಿಳಿಯುತ್ತದೆ

12ನೇ ವಾರದ ನಂತರದ ಸ್ಕ್ಯಾನಿಂಗ್‌ನಲ್ಲಿ, ಅದರಲ್ಲೂ 18ರಿಂದ 20ನೇ ವಾರದಲ್ಲಿ ಮಾಡುವ ವಿವರವಾದ ಸ್ಕ್ಯಾನಿಂಗ್‌ನಲ್ಲಿ ಇದು ಸಾಮಾನ್ಯವಾಗಿ ಗೊತ್ತಾಗುತ್ತದೆ. 'ಎಲ್ಲ ಸರಿಯಿದೆಯಲ್ಲ, ಮತ್ತೇಕೆ ಸ್ಕ್ಯಾನಿಂಗ್' ಎಂದು ಇದನ್ನು ತಪ್ಪಿಸಬೇಡಿ. ಮೊದಲೇ ತಿಳಿದರೆ ನವಜಾತ ಶಿಶು ತೀವ್ರ ನಿಗಾ ಘಟಕವೂ ಮಕ್ಕಳ ಸರ್ಜನ್ನರೂ ಇರುವ ಆಸ್ಪತ್ರೆಯಲ್ಲೇ ಹೆರಿಗೆಗೆ ಏರ್ಪಾಡು ಮಾಡಬಹುದು. ಇಂಥ ಮಗುವಿಗೆ ತಾಯಿಯ ಗರ್ಭಕ್ಕಿಂತ ಒಳ್ಳೆಯ ಆಂಬುಲೆನ್ಸ್ ಬೇರೊಂದಿಲ್ಲ. ಹೊರಬಂದ ಕರುಳಿನ ಕಾರಣಕ್ಕಾಗಿಯೇ ಸಿಸೇರಿಯನ್ ಆಗಬೇಕೆಂದಿಲ್ಲ. ಲಿವರ್ ಸೇರಿಕೊಂಡಿರುವ ದೊಡ್ಡ ಓಂಫಲೋಸೀಲ್ ಇದ್ದಾಗ ಮಾತ್ರ ವೈದ್ಯರು ಸಾಮಾನ್ಯವಾಗಿ ಸಿಸೇರಿಯನ್ ಆಯ್ದುಕೊಳ್ಳುತ್ತಾರೆ.

ಮೊದಲ ಗಂಟೆಗಳು

ತೆರೆದಿರುವ ಕರುಳಿನಿಂದ ಮಗುವಿನ ಮೈಯ ಶಾಖವೂ ನೀರಿನಂಶವೂ ಬೇಗ ಹೊರಟುಹೋಗುತ್ತವೆ. ಸೋಂಕೂ ಸುಲಭವಾಗಿ ತಗಲುತ್ತದೆ. ಆದ್ದರಿಂದ ಹುಟ್ಟಿದ ಕೂಡಲೇ ಮಗುವಿನ ಕಾಲಿನಿಂದ ಎದೆಯವರೆಗಿನ ಭಾಗವನ್ನು ಶುದ್ಧೀಕರಿಸಿದ ಪ್ಲಾಸ್ಟಿಕ್ ಚೀಲದೊಳಗೆ ಇಡುತ್ತಾರೆ. ಅದು ಪಾರದರ್ಶಕವಾಗಿದ್ದರೆ ಕರುಳಿನ ಬಣ್ಣ ಬದಲಾದದ್ದು ಬೇಗ ತಿಳಿಯುತ್ತದೆ. ಬರೀ ಒದ್ದೆ ಬಟ್ಟೆ ಸುತ್ತಿದರೆ ಮಗು ತಣ್ಣಗಾಗುತ್ತದೆ. ಕರುಳು ತಿರುಚಿ ರಕ್ತಸಂಚಾರ ನಿಲ್ಲದಂತೆ ಗ್ಯಾಸ್ಟ್ರೋಸ್ಕೈಸಿಸ್ ಇರುವ ಮಗುವನ್ನು ಬಲಮಗ್ಗುಲಿಗೆ ಮಲಗಿಸುತ್ತಾರೆ. ಮೂಗು ಅಥವಾ ಬಾಯಿಯ ಮೂಲಕ ನಳಿಗೆ ಹಾಕಿ ಹೊಟ್ಟೆಯಲ್ಲಿನ ಗಾಳಿ, ದ್ರವಗಳನ್ನು ತೆಗೆಯುತ್ತಾರೆ. ಡ್ರಿಪ್ ಮತ್ತು ಆಂಟಿಬಯೋಟಿಕ್ ಆರಂಭಿಸುತ್ತಾರೆ.

ಮನೆಯವರು ನೆನಪಿಡಬೇಕಾದ ಮಾತೊಂದಿದೆ. ಈ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು. ಎದೆಹಾಲು, ಜೇನು, ಖರ್ಜೂರದ ರಸ, ಝಮ್‌ಝಮ್ ನೀರು, ಯಾವುದೂ ಬೇಡ. ಕೆಲಸ ಮಾಡದ ಕರುಳಿಗೆ ಒಂದು ಹನಿಯೂ ಹೊರೆಯೇ. ಕಿವಿಯಲ್ಲಿ ಅಝಾನ್ ಹೇಳುವುದಕ್ಕೆ ಅಡ್ಡಿಯಿಲ್ಲ, ದಾದಿಯರಿಗೆ ತಿಳಿಸಿ ಹೇಳಬಹುದು. ತಹ್ನೀಕ್, ತಲೆಗೂದಲು ತೆಗೆಯುವುದು, ಅಕೀಕಾ ಇವೆಲ್ಲ ಮಗು ಚೇತರಿಸಿಕೊಂಡ ಮೇಲೆ ಆಗಲಿ. ಹೊರಬಂದ ಕರುಳನ್ನು ಕೈಯಿಂದ ಒಳಗೆ ತಳ್ಳುವುದು, ಅರಿಶಿನ ಅಥವಾ ಎಣ್ಣೆ ಹಚ್ಚುವುದು ಜೀವಕ್ಕೇ ಅಪಾಯ.

ಶಸ್ತ್ರಚಿಕಿತ್ಸೆ ಹೇಗೆ?

ಹೊಟ್ಟೆಯೊಳಗೆ ಜಾಗವಿದ್ದರೆ ಕರುಳನ್ನು ಒಂದೇ ಸಲಕ್ಕೆ ಒಳಗೆ ಸೇರಿಸಿ ತೂತನ್ನು ಮುಚ್ಚುತ್ತಾರೆ. ಆದರೆ ಖಾಲಿಯಾಗಿಯೇ ಬೆಳೆದ ಹೊಟ್ಟೆ ಚಿಕ್ಕದಿರುತ್ತದೆ. ಅದರೊಳಗೆ ಊದಿದ ಕರುಳನ್ನು ಬಲವಂತವಾಗಿ ತುಂಬಿದರೆ ಒತ್ತಡ ಹೆಚ್ಚಿ ಉಸಿರಾಟ ಕಷ್ಟವಾಗುತ್ತದೆ, ಕಿಡ್ನಿಗೂ ಕರುಳಿಗೂ ರಕ್ತ ಸಾಲದಾಗುತ್ತದೆ.

ಇದಕ್ಕೆ 1967ರಲ್ಲಿ ಅಮೆರಿಕದ ಸರ್ಜನ್ ಸ್ಯಾಮ್ಯುಯೆಲ್ ಶೂಸ್ಟರ್ ಒಂದು ದಾರಿ ತೋರಿಸಿದರು. ಕರುಳನ್ನು ಹೊಟ್ಟೆಯ ಮೇಲೆ ಒಂದು ಚೀಲದಲ್ಲಿಟ್ಟು, ದಿನಕ್ಕಿಷ್ಟರಂತೆ ಒಳಗೆ ಇಳಿಸುವ ವಿಧಾನ ಅದು. ಈ ಚೀಲಕ್ಕೆ ಈಗ 'ಸೈಲೋ' ಎನ್ನುತ್ತಾರೆ. ಬುಡದಲ್ಲಿ ಸ್ಪ್ರಿಂಗ್ ಇರುವ ಸಿಲಿಕಾನ್ ಸೈಲೋವನ್ನು ಮಗುವಿನ ಹಾಸಿಗೆಯ ಬಳಿಯಲ್ಲೇ ಅಳವಡಿಸಬಹುದು. ಅದು ಸಿಗದ ಕಡೆ ನಮ್ಮ ದೇಶದ ವೈದ್ಯರು ಶುದ್ಧೀಕರಿಸಿದ ಯೂರಿನ್ ಬ್ಯಾಗ್‌ನಿಂದಲೇ ಸೈಲೋ ಮಾಡಿ ಮಕ್ಕಳನ್ನು ಉಳಿಸಿದ್ದಾರೆ. ಕೆಲವು ದಿನಗಳಲ್ಲಿ ಕರುಳು ಪೂರ್ತಿ ಒಳಸೇರಿದ ಮೇಲೆ ಹೊಟ್ಟೆ ಮುಚ್ಚುತ್ತಾರೆ.

ಚಿಕ್ಕ ಓಂಫಲೋಸೀಲ್‌ಗೂ ಒಂದೇ ಶಸ್ತ್ರಚಿಕಿತ್ಸೆ ಸಾಕು. ತುಂಬ ದೊಡ್ಡದಾಗಿದ್ದರೆ ಅವಸರ ಮಾಡುವುದಿಲ್ಲ. ಪೊರೆಗೆ ಔಷಧ ಹಚ್ಚುತ್ತಾ ಬಂದರೆ ವಾರಗಳಿಂದ ತಿಂಗಳುಗಳ ಅವಧಿಯಲ್ಲಿ ಅದರ ಮೇಲೆ ಚರ್ಮ ಬೆಳೆಯುತ್ತದೆ. ಉಳಿದ ಉಬ್ಬನ್ನು ಮಗು ದೊಡ್ಡದಾದ ಮೇಲೆ ಸರಿಪಡಿಸುತ್ತಾರೆ.

ಕಾಯುವ ದಿನಗಳು

ಶಸ್ತ್ರಚಿಕಿತ್ಸೆ ಮುಗಿದರೂ ಗ್ಯಾಸ್ಟ್ರೋಸ್ಕೈಸಿಸ್‌ನ ಕರುಳು ಕೆಲಸ ಆರಂಭಿಸಲು ವಾರಗಳೇ ಬೇಕಾಗುತ್ತವೆ. ಅಲ್ಲಿಯವರೆಗೆ ಆಹಾರವೆಲ್ಲ ರಕ್ತನಾಳದ ಮೂಲಕವೇ. 1968ರಲ್ಲಿ ಅಮೆರಿಕದ ವೈದ್ಯರು ಈ ಬಗೆಯ ಪೋಷಣೆಯಿಂದಲೇ ಒಂದು ಶಿಶುವನ್ನು ಬೆಳೆಸಿ ತೋರಿಸಿದ ಮೇಲೆ ಇಂಥ ಮಕ್ಕಳ ಪಾಲಿಗೆ ಹೊಸ ಬಾಗಿಲು ತೆರೆಯಿತು. ಈ ದಿನಗಳಲ್ಲಿ ತಾಯಿ ಹಾಲು ಹಿಂಡಿ ತೆಗೆಯುವುದನ್ನು ನಿಲ್ಲಿಸಬಾರದು. ಆಸ್ಪತ್ರೆಯಲ್ಲಿ ಅದನ್ನು ಶೀತಲೀಕರಿಸಿ ಇಡುವ ಅನುಕೂಲವಿದೆಯೇ ಎಂದು ಕೇಳಿ. ಕರುಳು ಎಚ್ಚೆತ್ತಾಗ ಮೊದಲು ಕೊಡಲು ತಾಯಿಯ ಹಾಲೇ ಶ್ರೇಷ್ಠ.

ಅಂತರ ಎಲ್ಲಿದೆ?

74 ದೇಶಗಳ 264 ಆಸ್ಪತ್ರೆಗಳ ಅಧ್ಯಯನವೊಂದು 2021ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಂತೆ ಗ್ಯಾಸ್ಟ್ರೋಸ್ಕೈಸಿಸ್ ಇದ್ದ ಮಕ್ಕಳಲ್ಲಿ ಶ್ರೀಮಂತ ದೇಶಗಳಲ್ಲಿ ತೀರಿಕೊಂಡವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಭಾರತವೂ ಸೇರುವ ಮಧ್ಯಮ ಆದಾಯದ ದೇಶಗಳಲ್ಲಿ ನೂರಕ್ಕೆ ಸುಮಾರು 32 ಮಂದಿ, ಬಡ ದೇಶಗಳಲ್ಲಿ 90 ಮಂದಿ. ಕಾಯಿಲೆ ಒಂದೇ. ಮೊದಲೇ ಪತ್ತೆಯಾಗದಿರುವುದು, ತಡವಾಗಿ ಬರುವುದು, ದಾರಿಯಲ್ಲಿ ಮಗು ತಣ್ಣಗಾಗುವುದು, ನಿಗಾ ಘಟಕದ ಸೌಲಭ್ಯ ಸಾಲದಿರುವುದು, ಇವುಗಳಿಂದ ಅಂತರ ಬೆಳೆಯುತ್ತದೆ. ಇವುಗಳಲ್ಲಿ ಕೆಲವನ್ನಾದರೂ ಕುಟುಂಬವೇ ತಡೆಯಬಹುದು.

ಸಣ್ಣ ಆಸ್ಪತ್ರೆಯಲ್ಲಿ ಇಂಥ ಮಗು ಹುಟ್ಟಿದರೆ, ಹೊರಡುವ ಮುಂಚೆ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆಯೂ ಮಕ್ಕಳ ಸರ್ಜನ್ನರೂ ಇರುವುದನ್ನು ಖಚಿತಪಡಿಸಿಕೊಳ್ಳಲು ವೈದ್ಯರಿಗೆ ಹೇಳಿ. 108 ಆಂಬುಲೆನ್ಸ್ ಉಚಿತ. ಖರ್ಚಿನ ಚಿಂತೆಯಲ್ಲಿ ಹೊತ್ತು ಕಳೆಯದೆ, ಸರಕಾರಿ ಆರೋಗ್ಯ ಯೋಜನೆಯ ನೆರವು ಸಿಗುವುದೇ ಎಂದು ಅಲ್ಲಿ ತಲುಪಿದ ಮೇಲೆ ವಿಚಾರಿಸಿ. ತಂದೆ ಕೊಲ್ಲಿ ರಾಷ್ಟ್ರದಲ್ಲಿದ್ದರೆ ಅವರ ಒಪ್ಪಿಗೆಗಾಗಿ, ಊರಿನ ಹಿರಿಯರು ಬರಲಿ ಎಂದು ಶಸ್ತ್ರಚಿಕಿತ್ಸೆಯನ್ನು ತಡೆಹಿಡಿಯಬೇಡಿ. ತಾಯಿಯ ಸಹಿಯೇ ಸಾಕು.