ಬೋಳುಗುಡ್ಡದ ಜಾತಕ

ಯೂಕಲಿಪ್ಟಸ್ ಮರಕ್ಕೆ ಕನ್ನಡದಲ್ಲಿ ನೀಲಗಿರಿ ಎಂದೇ ಹೆಸರು. ಊಟಿಯ ಬೆಟ್ಟದಲ್ಲೇ ಹುಟ್ಟಿ ಬೆಳೆದದ್ದೇನೋ ಎನ್ನಬೇಕು, ಹಾಗೆ. ಅದರ ತವರು ಆಸ್ಟ್ರೇಲಿಯಾ. 19ನೇ ಶತಮಾನದಲ್ಲಿ ಬ್ರಿಟಿಷರು ಅದನ್ನು ನೆಡತೊಡಗುವ ಮುನ್ನ ನೀಲಗಿರಿಯ ನೆತ್ತಿಯ ಮೇಲೆ ಬೆಳೆಯುತ್ತಿದ್ದದ್ದು ಹುಲ್ಲು. ತಗ್ಗುಗಳಲ್ಲಿ ಮಾತ್ರ ಒತ್ತಾದ ಶೋಲಾ ಕಾಡು. ನಮ್ಮ ಕುದುರೆಮುಖ, ಬಾಬಾಬುಡನ್‌ಗಿರಿಗಳಲ್ಲೂ ಇದೇ ಜೋಡಿ.

ಇಷ್ಟು ಮಳೆ ಸುರಿಯುವಲ್ಲಿ ಮರ ಯಾಕಿಲ್ಲ? ದನ ಮೇಯಿಸುವವರು ಬೆಂಕಿ ಹಾಕಿ ಕಾಡು ಕಳೆದಿರಬೇಕು ಎಂದು ಬಹುಕಾಲ ಹಲವರು ನಂಬಿದ್ದರು. ಹಾಗಿದ್ದಮೇಲೆ ಅಲ್ಲಿ ಮರ ನೆಡುವುದು ಪುಣ್ಯದ ಕೆಲಸವೇ ತಾನೆ! ನೀಲಗಿರಿ, ಪೈನ್, ವಾಟಲ್ ತೋಪುಗಳು ಹುಲ್ಲನ್ನು ನುಂಗುತ್ತಾ ಹೋದವು. ಸೌದೆಗೂ ಚರ್ಮ ಹದ ಮಾಡುವ ತೊಗಟೆಗೂ ಒಳ್ಳೆಯ ಬೆಲೆಯಿತ್ತು ಎನ್ನುವುದನ್ನೂ ಮರೆಯಬಾರದು.

ಈ ನಂಬಿಕೆಯನ್ನು ಅಲ್ಲಾಡಿಸಿದ್ದು ಅದೇ ಬೆಟ್ಟದ ಕೆಸರು. ಜೌಗಿನಲ್ಲಿ ಬಿದ್ದ ಎಲೆ, ಬೇರು ಗಾಳಿಯಾಡದೆ ಪೂರ್ತಿ ಕೊಳೆಯುವುದಿಲ್ಲ. ಪದರದ ಮೇಲೆ ಪದರವಾಗಿ ಕಪ್ಪಗೆ ಕೂತುಬಿಡುತ್ತವೆ. ಇದಕ್ಕೆ ಪೀಟ್ ಎನ್ನುತ್ತಾರೆ. ಆಳಕ್ಕಿಳಿದಷ್ಟೂ ಹಳೆಯದು. ಎಷ್ಟು ಹಳೆಯದೆಂದು ಕಾರ್ಬನ್-14 ಹೇಳುತ್ತದೆ; ಎಂಥ ಗಿಡದ್ದೆಂದು ಅದರ ದಾಯಾದಿ ಕಾರ್ಬನ್-13. ಮರಗಳು ಗಾಳಿಯಿಂದ ಇಂಗಾಲ ಹೀರುವಾಗ ಕೊಂಚ ಭಾರವಾದ ಈ ಕಾರ್ಬನ್-13 ಅನ್ನು ಆದಷ್ಟು ಬಿಟ್ಟುಬಿಡುತ್ತವೆ. ಬಿಸಿನಾಡಿನ ಬಹುಪಾಲು ಹುಲ್ಲುಗಳಿಗೆ, ಎಂದರೆ ರಾಗಿ, ಜೋಳ, ಕಬ್ಬಿನ ಬಳಗಕ್ಕೆ, ಅಷ್ಟು ಮಡಿಯಿಲ್ಲ. ಹಾಗಾಗಿ ಪೀಟ್‌ನಲ್ಲಿ ಅದು ಹೆಚ್ಚಿದ್ದರೆ ಆಗ ಸುತ್ತಮುತ್ತ ಇಂಥ ಹುಲ್ಲು ಹೆಚ್ಚಿತ್ತೆಂದು ಲೆಕ್ಕ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಪೀಟ್ ಅನ್ನು ಹೀಗೆ ಓದಿ, 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಒಣ ಹವೆಯಲ್ಲಿ, ಅಲ್ಲಿ ಹುಲ್ಲಿನದೇ ಕೈಮೇಲು. ಆಮೇಲೆ ಮುಂಗಾರು ಬಲಿತಾಗ ಮರಗಳಿಗೆ ಸುಗ್ಗಿ. ಮಳೆ ಸೊರಗಿದಾಗ ಮತ್ತೆ ಹುಲ್ಲು. ಹುಲ್ಲುಗುಡ್ಡವೆಂದರೆ ಹಾಳಾದ ಕಾಡು ಎಂಬ ಮಾತಿಗೆ ಇನ್ನು ಆಧಾರವಿಲ್ಲ. ಹಾಗೆಂದು ಯಾವುದೋ ಒಂದು ಇಸವಿಯನ್ನು ಹಿಡಿದು 'ಇದೇ ಮೂಲ ರೂಪ' ಎನ್ನಲೂ ಬರುವುದಿಲ್ಲ. ಕಾಡು-ಹುಲ್ಲಿನ ಗಡಿ ಎಂದೂ ನಿಂತಲ್ಲಿ ನಿಂತದ್ದಲ್ಲ.

ಕೊಡಗಿನಲ್ಲಿ ಕತೆ ತಿರುವುಮುರುವು. ಅಲ್ಲಿನ ದೇವರಕಾಡುಗಳನ್ನು ಆದಿಕಾಲದ ಅಡವಿಯ ಉಳಿಕೆ ಎಂದೇ ಹೇಳುತ್ತೇವೆ. ಶೋನಿಲ್ ಭಾಗವತ್ ಮತ್ತು ಸಂಗಡಿಗರು ಅಂಥ ಎರಡು ಕಾಡುಗಳ ಮಣ್ಣಿನಲ್ಲಿ ಹುದುಗಿದ್ದ ಪರಾಗವನ್ನು ಸೂಕ್ಷ್ಮದರ್ಶಕದಡಿ ಎಣಿಸಿದಾಗ, ಕಳೆದ ಸಾವಿರ ವರ್ಷಗಳಲ್ಲಿ ಬಯಲೇ ಕಾಡಾಗಿ ಬೆಳೆದ ಗುರುತು ಸಿಕ್ಕಿತು. ದೇವರಕಾಡಿನ ಬೆಲೆ ಇದರಿಂದ ತಗ್ಗುವುದಿಲ್ಲ. ಜನ ಕಾದರೆ ಕಾಡು ಮರಳುತ್ತದೆ ಎನ್ನುವುದು ನನಗಂತೂ ಇನ್ನೂ ದೊಡ್ಡ ಸುದ್ದಿ.

ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕದೊಳಗೆ ಮೂರರಲ್ಲಿ ಎರಡು ಪಾಲು ಹುಲ್ಲುಗಾವಲು ತೋಪು, ಹೊಲಗಳ ಪಾಲಾಗಿದೆ. ತಮಿಳುನಾಡು ಅರಣ್ಯ ಇಲಾಖೆ ಈಗ ನೀಲಗಿರಿಯಲ್ಲಿ ವಾಟಲ್ ಕಡಿಸುತ್ತಿದೆ. ಈ ಮಳೆಗಾಲದಲ್ಲಿ ವನಮಹೋತ್ಸವಕ್ಕೆಂದು ಸಸಿ ಹೊತ್ತು ಗುಡ್ಡ ಹತ್ತುವವರು, ಅಲ್ಲಿ ಹುಲ್ಲೇ ಹುಲ್ಲು ಕಂಡರೆ ದಯವಿಟ್ಟು ಸಸಿಯೊಂದಿಗೆ ಕೆಳಗಿಳಿದು ಬನ್ನಿ.