ಖಾನಾಪುರದ ಮಣ್ಣು, ಉದ್ಯಮಬಾಗದ ಗುಜರಿ

ಬೆಳಗಾವಿ ಜಿಲ್ಲೆಯ ಖಾನಾಪುರದ ಮಣ್ಣು ಹೆಂಚಿಗೂ ಮಡಕೆಗೂ ಹೆಸರುವಾಸಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಈ ಊರಲ್ಲೇ. ಬೇರೆಲ್ಲ ಕಡೆಯ ಮಣ್ಣಿನಂತೆ ಈ ಮಣ್ಣಿನಲ್ಲೂ ವಿಕಿರಣ ಸೂಸುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಅತ್ಯಲ್ಪ ಪ್ರಮಾಣದಲ್ಲಿ ಇದ್ದೇ ಇವೆ. ನೆಲದಿಂದ, ಆಕಾಶದಿಂದ, ಉಣ್ಣುವ ಅನ್ನದಿಂದ ನಮಗೆ ತಾಗುವ ಇಂಥ ಸಹಜ ವಿಕಿರಣಕ್ಕೆ ಹಿನ್ನೆಲೆ ವಿಕಿರಣ ಎಂದು ಹೆಸರು. ಅದರ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್.

ಈ ಸೀವರ್ಟ್ ಅಳೆಯುವುದು ದೇಹಕ್ಕಾಗಬಹುದಾದ ಹಾನಿಯನ್ನು. ಒಂದು ವಸ್ತುವಿನಲ್ಲಿ ಸೆಕೆಂಡಿಗೆ ಎಷ್ಟು ಪರಮಾಣುಗಳು ಒಡೆಯುತ್ತಿವೆ ಎಂಬ ಲೆಕ್ಕ ಬೆಕೆರೆಲ್. ದೇಹ ಹೀರಿಕೊಂಡ ಶಕ್ತಿಯ ಲೆಕ್ಕ ಗ್ರೇ. ಈ ಮೂರನ್ನು ಬೆರೆಸಿ ಮಾತಾಡಿದಾಗಲೇ ಗಾಬರಿ ಹುಟ್ಟುವುದು. ‘ಸಾವಿರ ಬೆಕೆರೆಲ್’ ಎಂದರೆ ಭಯಾನಕವಾಗಿ ಕೇಳಿಸುತ್ತದೆ. ಆದರೆ ಯಾವ ಕಿರಣ, ಮೈಯ ಹೊರಗಿದೆಯೋ ಒಳಗಿದೆಯೋ ಎಂಬುದು ಗೊತ್ತಾಗದೆ ಆ ಅಂಕಿಯಿಂದ ಏನೂ ತಿಳಿಯದು. ಆಲ್ಫಾ ಕಣವನ್ನು ಒಂದು ಕಾಗದವೇ ತಡೆಯುತ್ತದೆ, ಚರ್ಮವನ್ನೂ ಅದು ದಾಟಲಾರದು. ಅದೇ ಕಣ ಶ್ವಾಸಕೋಶದೊಳಗೆ ಹೊಮ್ಮಿದರೆ ಅಷ್ಟೇ ಶಕ್ತಿಯ ಗಾಮಾ ಕಿರಣಕ್ಕಿಂತ 20 ಪಟ್ಟು ಹಾನಿಕರ ಎಂದು ಲೆಕ್ಕ ಹಿಡಿಯುತ್ತಾರೆ.

ನೆಲದಿಂದ ಎದ್ದು, ಉಸಿರಿನೊಡನೆ ಒಳಹೊಕ್ಕು ಆಲ್ಫಾ ಕಣ ಹೊಮ್ಮಿಸುವ ರೇಡಾನ್ ಅನಿಲದ ಸಮಸ್ಯೆ ಇದೇ. ಸಂದುಗಳಲ್ಲಿ ಗಾಳಿಯಾಡುವ ಹೆಂಚಿನ ಮನೆಯಲ್ಲಿ ಅದು ನಿಲ್ಲುವುದು ಕಷ್ಟ. ಕಿಟಕಿ ಮುಚ್ಚಿದ ಕಾಂಕ್ರೀಟ್ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ನೆಲವಷ್ಟೇ ಅಲ್ಲ, ಮನೆ ಕಟ್ಟುವ ಸಾಮಗ್ರಿಯನ್ನೂ ಗಮನಿಸಬೇಕು. ಬೆಳಗಾವಿಯ ಯಮನಾಪುರದಲ್ಲಿ 1969ರಿಂದ ಅಲ್ಯೂಮಿನಾ ಕಾರ್ಖಾನೆಯಿದೆ. ಬಾಕ್ಸೈಟ್‌ನಿಂದ ಅಲ್ಯೂಮಿನಾ ತೆಗೆದ ಮೇಲೆ, ಅದಿರಿನಲ್ಲಿದ್ದ ಥೋರಿಯಂ, ಯುರೇನಿಯಂಗಳ ಬಹುಪಾಲು ಉಳಿದ ಕೆಂಪು ರಾಡಿಯಲ್ಲೇ ಸಾಂದ್ರಗೊಳ್ಳುತ್ತದೆ. ಇದು ಯಾವುದೇ ಅಲ್ಯೂಮಿನಾ ಕಾರ್ಖಾನೆಯ ಮಾತು. ಇಂಥ ರಾಡಿಯಿಂದ ಇಟ್ಟಿಗೆ ಮಾಡುವ ಮೊದಲು ಅಳತೆ ಕಡ್ಡಾಯವಾಗಬೇಕು.

ಆದರೂ ವಿಕಿರಣ ಎಂದ ಕೂಡಲೇ ಈ ಭಾಗದ ಜನರ ಬಾಯಲ್ಲಿ ಬರುವುದು ಕಾಳಿ ನದಿ ದಂಡೆಯ ಕೈಗಾ ಅಣು ವಿದ್ಯುತ್ ಸ್ಥಾವರ. ಅಲ್ಲಿ ರಿಯಾಕ್ಟರ್ ಚಾಲೂ ಆಗುವ ಮೊದಲೇ ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಸುತ್ತಲಿನ ಪರಿಸರದ ಸಹಜ ವಿಕಿರಣವನ್ನು ಅಳೆದಿದ್ದರು. ಮುಂದಿನ ಎಲ್ಲ ಹೋಲಿಕೆಗೂ ಆ ಮೊದಲ ದಾಖಲೆಯೇ ಆಧಾರ. ಅದಿಲ್ಲದಿದ್ದರೆ ನಾಳೆ ಕಂಡ ವಿಕಿರಣ ಮಣ್ಣಿನದೋ ಸ್ಥಾವರದ್ದೋ ಎಂದು ಹೇಳುವವರಾರು?

2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ದೊಡ್ಡ ಸುದ್ದಿಯಾಯಿತು. ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಇರುವ, ರಿಯಾಕ್ಟರಿನ ಭಾರಜಲ ಸೇರಿ, ಅದನ್ನು ಕುಡಿದ 50ಕ್ಕೂ ಹೆಚ್ಚು ಕಾರ್ಮಿಕರ ದೇಹಕ್ಕೆ ಟ್ರಿಟಿಯಂ ಹೊಕ್ಕಿತ್ತು. ಮೈಗೆ ಹೊರಗಿನಿಂದ ತಾಗುವ ವಿಕಿರಣವನ್ನು ಅಳೆಯಲು ಎದೆಗೆ ತಗುಲಿಸಿಕೊಳ್ಳುವ ಟಿ.ಎಲ್.ಡಿ. ಬ್ಯಾಡ್ಜ್‌ಗೆ ಇದು ಸಿಗುವಂಥದ್ದಲ್ಲ, ಟ್ರಿಟಿಯಂನ ಬೀಟಾ ಕಣ ಅಷ್ಟು ದುರ್ಬಲ. ಸಿಕ್ಕಿದ್ದು ಮೂತ್ರ ಪರೀಕ್ಷೆಯಲ್ಲಿ. ಟ್ರಿಟಿಯಂನ ಅರ್ಧಾಯು, ಅಂದರೆ ಅದರ ಅರ್ಧದಷ್ಟು ಪರಮಾಣುಗಳು ಒಡೆದುಹೋಗಲು ಬೇಕಾದ ಕಾಲ, 12.3 ವರ್ಷ. ದೇಹದಿಂದ ಮಾತ್ರ ಅದು ನೀರಿನ ಜೊತೆ ಬೇಗ ಹೊರಬೀಳುತ್ತದೆ, ಸುಮಾರು ಹತ್ತು ದಿನಕ್ಕೆ ಅರ್ಧ. ಒಳಗಿನ ಡೋಸ್‌ಗೂ ಹೊರಗಿನ ಡೋಸ್‌ಗೂ ಬೇರೆ ಬೇರೆ ನಿಗಾ ಏಕೆ ಬೇಕು ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪ್ರಕಾರ, ವಿಕಿರಣದ ನಡುವೆ ಕೆಲಸ ಮಾಡುವವರ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ಸಾರ್ವಜನಿಕರಿಗೆ ಹಿನ್ನೆಲೆ ವಿಕಿರಣವನ್ನೂ ಚಿಕಿತ್ಸೆಯನ್ನೂ ಬಿಟ್ಟು ವರ್ಷಕ್ಕೆ 1.

ಸ್ಥಾವರದಲ್ಲಿ ಅಳೆಯುವವರಿದ್ದಾರೆ. ಗುಜರಿ ಅಂಗಡಿಯಲ್ಲಿ ಯಾರಿದ್ದಾರೆ? ಬೆಳಗಾವಿ ಎರಕದ ಊರು. ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳ ಕುಲುಮೆಗೆ ಗುಜರಿ ಕಬ್ಬಿಣವೂ ಬೀಳುತ್ತದೆ. ಗುಜರಿಯಲ್ಲಿ ಏನೇನು ಬಂದೀತು ಎಂಬುದಕ್ಕೆ ದೆಹಲಿಯ ಉದಾಹರಣೆಯಿದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಗಾಮಾ ಯಂತ್ರವೊಂದು ಮಾಯಾಪುರಿಯ ಗುಜರಿ ಬಜಾರಿಗೆ ಬಂತು. ಅದರೊಳಗೆ ವಿಕಿರಣಶೀಲ ಕೋಬಾಲ್ಟ್-60 ಇದೆಯೆಂದು ತಿಳಿಯದೆ ಒಡೆದವರಲ್ಲಿ ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. 2008ರಲ್ಲಿ ಭಾರತದ ಉಕ್ಕಿನಿಂದ ಮಾಡಿದ ಲಿಫ್ಟ್ ಗುಂಡಿಗಳಲ್ಲಿ ಫ್ರಾನ್ಸಿನಲ್ಲಿ ಅದೇ ಕೋಬಾಲ್ಟ್ ಪತ್ತೆಯಾಯಿತು. ಆ ಉಕ್ಕು ಬೆಳಗಾವಿಯದಲ್ಲ. ಆದರೆ ವಿಕಿರಣ ಮೂಲವೊಂದು ಕುಲುಮೆಯಲ್ಲಿ ಕರಗಿದರೆ ಅದು ಯಾವ ಊರಿನ ಎರಕದಲ್ಲೂ ಬೆರೆಯಬಲ್ಲದು.

ವಿಕಿರಣ ರಕ್ಷಣೆಯ ಸೂತ್ರ ಮೂರೇ: ಹತ್ತಿರ ಇರುವ ಹೊತ್ತು ಕಡಿಮೆ ಮಾಡುವುದು, ದೂರ ಹೆಚ್ಚಿಸುವುದು, ನಡುವೆ ಸೀಸ ಅಥವಾ ಕಾಂಕ್ರೀಟಿನ ಅಡ್ಡ ಇಡುವುದು. ಎರಡು ಪಟ್ಟು ದೂರ ಸರಿದರೆ ಸಣ್ಣ ಮೂಲವೊಂದರ ಡೋಸ್ ಕಾಲುಭಾಗಕ್ಕೆ ಇಳಿಯುತ್ತದೆ. ಗುಜರಿ ಆರಿಸುವವರಿಗೆ, ಕುಲುಮೆಗೆ ತುಂಬುವವರಿಗೆ ಇಷ್ಟನ್ನು ಕನ್ನಡ ಮರಾಠಿ ಎರಡರಲ್ಲೂ ಹೇಳಿಕೊಡುವುದು, ಫೌಂಡ್ರಿ ಗೇಟಿನಲ್ಲಿ ವಿಕಿರಣ ಪತ್ತೆ ಮೀಟರ್ ಇಡುವುದು ಮಾಲೀಕರ ಸಂಘಗಳಿಗೆ ಅಸಾಧ್ಯವೇನಲ್ಲ. ಹಳದಿ ಹಿನ್ನೆಲೆಯಲ್ಲಿ ಮೂರು ಎಸಳಿನ ವಿಕಿರಣದ ಗುರುತಿರುವ, ಅಥವಾ ಗಾತ್ರಕ್ಕೆ ಮೀರಿ ಭಾರವಾದ ಸೀಸದ ಡಬ್ಬಿ ಗುಜರಿಯಲ್ಲಿ ಕಂಡರೆ ಯಾರೂ ಅದನ್ನು ಕೊಯ್ಯಬಾರದು, ಒಡೆಯಬಾರದು, ಮನೆಗೆ ಒಯ್ಯಬಾರದು. ದೂರ ಸರಿದು ಪೊಲೀಸರಿಗೆ ತಿಳಿಸಬೇಕು.