ಯುವನಿಧಿಯ ಶಾಸನ

ಶಹಾಪುರ ತಾಲೂಕಿನ ಶಿರವಾಳಕ್ಕೆ ನಾನು ಹೋಗುವುದು ಅಲ್ಲಿಯ ಹಳೆಯ ದೇಗುಲಗಳಿಗಾಗಿ. ಈ ಸಲ ಮಾತ್ರ ಅಲ್ಲಿ ನಾನು ಓದಬೇಕಾಗಿ ಬಂದದ್ದು ಕಲ್ಲಿನ ಮೇಲಿಲ್ಲದ ಒಂದು ಶಾಸನ. ಬಿ.ಎ. ಮುಗಿಸಿ ಮನೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ಗುಡಿಯ ಜಗತಿಗೆ ಬಂದು, ಮೊಬೈಲಿನಲ್ಲಿ ಯುವನಿಧಿಯ ಅರ್ಜಿಯನ್ನು ತೆರೆದು ತೋರಿಸಿದಳು.

“ಸರ, ನಾ ಸುಗ್ಗಿಯೊಳಗ ಹತ್ತಿ ಬಿಡಿಸ್ಲಾಕ ಹೋಗ್ತೀನ್ರಿ. ನಿರುದ್ಯೋಗಿ ಅಂತ ಬರದ್ರ ಸುಳ್ಳ ಬರದಂಗ ಆಗಂಗಿಲ್ಲೇನ್ರಿ?”

ಥಟ್ಟನೆ ಉತ್ತರ ಹೊಳೆಯಲಿಲ್ಲ. ‘ನಿಧಿ’ ಎಂಬ ಮಾತು ನಮ್ಮ ದಾನಶಾಸನಗಳಿಗೆ ಹೊಸದಲ್ಲ. ಭೂಮಿಯೊಡನೆ ಧಾರೆಯೆರೆಯುವ ಅಷ್ಟಭೋಗಗಳಲ್ಲಿ ಅದೂ ಒಂದು. ನೆಲದೊಳಗೆ ಹುದುಗಿದ ಸಂಪತ್ತು ಎಂಬುದು ಅದರ ಅರ್ಥ. ದತ್ತಿ ಯಾರಿಗೆ, ಎಷ್ಟು, ಎಲ್ಲಿಯವರೆಗೆ, ತಪ್ಪಿ ನಡೆದವನಿಗೆ ಏನು ಎಂಬ ನಾಲ್ಕು ಮಾತುಗಳನ್ನು ಶಾಸನದಲ್ಲಿ ಹುಡುಕಬೇಕೆಂದು ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಸರಕಾರದ ಆದೇಶವನ್ನೂ ಹಾಗೆಯೇ ಓದೋಣವೆಂದೆ.

ಕರ್ನಾಟಕ ಸರಕಾರ ಈ ಯೋಜನೆಗೆ ನೋಂದಣಿಯನ್ನು ಆರಂಭಿಸಿದ್ದು 2023ರ ಡಿಸೆಂಬರ್ 26ರಂದು. ಮೊದಲ ಕಂತು ಸಂದಾಯವಾದದ್ದು 2024ರ ಜನವರಿ 12ರಂದು, ಶಿವಮೊಗ್ಗದ ಸಮಾರಂಭದಲ್ಲಿ. 2022–23ನೇ ಸಾಲಿನಲ್ಲಿ ತೇರ್ಗಡೆಯಾದವರಿಂದ ಇದು ಮೊದಲಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500. ತೇರ್ಗಡೆಯಾಗಿ ಆರು ತಿಂಗಳು ಕಳೆದರೂ ಕೆಲಸ ಸಿಕ್ಕಿರಬಾರದು. ಕೆಲಸ ಸಿಗುವವರೆಗೆ ಅಥವಾ ಎರಡು ವರ್ಷ, ಯಾವುದು ಮೊದಲೋ ಅಲ್ಲಿಗೆ ಭತ್ಯೆ ನಿಲ್ಲುತ್ತದೆ. ಪದವೀಧರನೊಬ್ಬನಿಗೆ ಸಲ್ಲಬಹುದಾದ ಗರಿಷ್ಠ ಮೊತ್ತ, ಹಾಗಾದರೆ, 72,000 ರೂಪಾಯಿ. ಸೇವಾಸಿಂಧುವಿನಲ್ಲಿ ಅರ್ಜಿ, ಹಣ ನೇರವಾಗಿ ಬ್ಯಾಂಕಿನ ಖಾತೆಗೆ. ‘ನನಗೆ ಇನ್ನೂ ಕೆಲಸವಿಲ್ಲ’ ಎಂದು ಫಲಾನುಭವಿಯೇ ಆಗಾಗ ಘೋಷಿಸುತ್ತಿರಬೇಕು; ಆರಂಭದಲ್ಲಿ ಇದು ಪ್ರತಿ ತಿಂಗಳ 25ರೊಳಗಿನ ಕೆಲಸವಾಗಿತ್ತು. ಶಾಸನಗಳಲ್ಲಿ ತಪ್ಪಿದವನಿಗೆ ಗೋಹತ್ಯೆಯ ಪಾಪ. ಇಲ್ಲಿ ಸುಳ್ಳು ಘೋಷಣೆಗೆ ದಂಡ.

ಯಾರಿಗಿಲ್ಲ? ಸರಕಾರಿ ಅಥವಾ ಖಾಸಗಿ ನೌಕರಿ ದೊರೆತವರಿಗೆ, ಸ್ವಯಂ ಉದ್ಯೋಗಿಗಳಿಗೆ, ವೇತನ ಪಡೆಯುವ ಅಪ್ರೆಂಟಿಸರಿಗೆ, ವಿದ್ಯಾಭ್ಯಾಸ ಮುಂದುವರಿಸಿದವರಿಗೆ. ಈ ಕೊನೆಯದು ನನಗೆ ಒಪ್ಪಿಗೆಯಾಗದ ನಿಬಂಧನೆ. ಎಂ.ಎ.ಗೆ ಸೇರಿದೊಡನೆ ಬಡವರ ಮಗಳು ಬಡವಳಲ್ಲದೆ ಹೋಗುತ್ತಾಳೆಯೆ?

ಇಂಗ್ಲೆಂಡಿನಲ್ಲಿ 1911ರ ಕಾಯಿದೆ ತಂದ ನಿರುದ್ಯೋಗ ವಿಮೆಯ ದಾರಿ ಬೇರೆ. ಕಾರ್ಮಿಕ, ಮಾಲೀಕ, ಸರಕಾರ ಮೂವರೂ ವಂತಿಗೆ ಕಟ್ಟುತ್ತಿದ್ದರು. ಕಟ್ಟಡ, ಹಡಗು ನಿರ್ಮಾಣದಂಥ ಕೆಲವೇ ಕಸುಬಿನವರಿಗೆ, ಕೆಲಸ ಹೋದಾಗ, ವಾರಕ್ಕೆ 7 ಶಿಲ್ಲಿಂಗ್, ವರ್ಷದಲ್ಲಿ ಹೆಚ್ಚೆಂದರೆ 15 ವಾರ. ಅಲ್ಲಿ ಕೆಲಸ ಕಳೆದುಕೊಂಡವನಿಗೆ ಹಣ. ನಮ್ಮಲ್ಲಿ ಕೆಲಸವನ್ನೇ ಇನ್ನೂ ಕಾಣದವರಿಗೆ.

ಹುಡುಗಿಯ ತಾಯಿ ಅಷ್ಟರವರೆಗೆ ಸುಮ್ಮನೆ ಕೇಳುತ್ತಿದ್ದವರು, “ನಮಗೂ ಒಂದ ಸಲ ಹಿಂಗೇ ಹೇಳಿದ್ರರೀ” ಎಂದರು. ಅವರು ನೆನೆದದ್ದು 2005ರ ಉದ್ಯೋಗ ಖಾತರಿ ಕಾಯಿದೆ. 2006ರಲ್ಲಿ ಅದು ಮೊದಲು ಜಾರಿಯಾದ ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾವೂ ಒಂದು; ಯಾದಗಿರಿ ಆಗ ಅದರೊಳಗೇ ಇತ್ತು. ಅರ್ಜಿ ಕೊಟ್ಟ 15 ದಿನಗಳಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಆ ಕಾಯಿದೆ ಹೇಳುತ್ತಿತ್ತು: ಮೊದಲ 30 ದಿನ ಕೂಲಿಯ ಕಾಲುಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಆದರೆ ಆ 15 ದಿನಗಳನ್ನು ಎಣಿಸುವುದಕ್ಕೆ ತಾರೀಖು ಹಾಕಿದ ರಸೀದಿ ಬೇಕು.

“ನಾವು ಬಾಯಿಲೆ ಹೇಳಿ ಬಂದ್ವಿರಿ. ಚೀಟಿ ಕೇಳ್ಬೇಕಂತ ಯಾರಿಗೆ ಗೊತ್ತಿತ್ತು?”

ಕೆಲಸವಿಲ್ಲದ ದಿನಗಳನ್ನು ತಾಯಿ ಕಾಗದದ ಮೇಲೆ ತೋರಿಸಲಾರದೆ ಹೋದಳು. ಮಗಳು ತೋರಿಸಹೊರಟರೆ ಹತ್ತಿಯ ಹೊಲ ಅಡ್ಡ ಬರುತ್ತಿದೆ. ನೌಕರಿಗೂ ಕೂಲಿಗೂ ನಡುವೆ ಬದುಕುವವರೇ ತುಂಬಿದ ಸೀಮೆ ಇದು. ಗುಳೆ ಹೋಗಿ ಬೆಂಗಳೂರಿನಲ್ಲಿ ಗಾರೆ ಹೊರುವ ಪದವೀಧರರನ್ನು ನಾನೇ ಬಲ್ಲೆ. ನಾವು ಓದಿದ ನಿಬಂಧನೆಗಳಲ್ಲಿ ಹಂಗಾಮಿನ ಕೂಲಿಯ ಹೆಸರು ಕಾಣಲಿಲ್ಲ. ನಾಲ್ಕು ವಾರ ಹತ್ತಿ ಬಿಡಿಸುವುದನ್ನು ನೌಕರಿ ಎನ್ನುವುದು ಭಾಷೆಗೇ ಮಾಡುವ ಅನ್ಯಾಯವೆಂಬುದು ನನ್ನ ಮತ. ಆದರೆ ದಂಡ ತೆರಬೇಕಾಗಿ ಬಂದರೆ ತೆರುವವನು ನಾನಲ್ಲ. ಆದ್ದರಿಂದ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ ಕೇಳು, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊ ಎಂದೆ.

“ತಾರೀಖ ಹಾಕಿಸ್ಕೊಂಡ ಬಾ,” ಎಂದು ತಾಯಿ ಸೇರಿಸಿದರು.

ಹುಡುಗಿ ನನ್ನ ಪೆನ್ನು ಇಸಿದುಕೊಂಡು, ಶಾಸನದ ನಕಲಿಗೆಂದು ನಾನು ತಂದಿದ್ದ ಹಾಳೆಯಲ್ಲೇ ಅರ್ಜಿ ಬರೆಯತೊಡಗಿದಳು.